ಅಪ್‌ಡೇಟ್: ನೀಲಿ ಸಿಲಿಂಡರ್ ಕೂತಿತು, ವೇಗವೂ ಸರಿಯಾಯ್ತು

ಎಡಿಸನ್ ಸ್ಟ್ಯಾಂಡರ್ಡ್ ಫೋನೋಗ್ರಾಫಿನ (ಸಿಲಿಂಡರ್ ಆಕಾರದ ರೆಕಾರ್ಡ್ ನುಡಿಸುವ ಹಳೆಯ ಯಂತ್ರ) ಮ್ಯಾಂಡ್ರೆಲ್ ಮೇಲೆ, ಅಂದರೆ ರೆಕಾರ್ಡ್ ತೊಡಿಸುವ ತಿರುಗುವ ಉರುಳೆಯ ಮೇಲೆ, ಬ್ಲೂ ಅಂಬೆರಾಲ್ ಎಂಬ ನೀಲಿ ಸಿಲಿಂಡರ್ ರೆಕಾರ್ಡ್ ಪೂರ್ತಿ ಕೂರುತ್ತಿಲ್ಲ, ದನಿಯೂ ಓಲಾಡುತ್ತಿದೆ ಎಂದು ಕೇಳಿದ್ದೆ. ಎರಡೂ ಸರಿಹೋದವು.

ತಪ್ಪು ಮ್ಯಾಂಡ್ರೆಲ್‌ನದ್ದಲ್ಲ. ಸಿಲಿಂಡರಿನ ಸೆಲ್ಯುಲಾಯ್ಡ್ ಹೊದಿಕೆಯ ಒಳಗಿನ ಪ್ಲಾಸ್ಟರ್ ತೇವ ಕುಡಿದು ಉಬ್ಬಿತ್ತು. ಮ್ಯಾಂಡ್ರೆಲ್‌ನಷ್ಟೇ ಇಳಿಜಾರಿರುವ ಮರದ ಗೂಟಕ್ಕೆ ಮರಳುಕಾಗದ ಸುತ್ತಿ, ಒಳಗೆ ನಾಲ್ಕೈದು ಸಲ ತಿರುಗಿಸಿ, ಪುಡಿ ಒರೆಸಿ, ಕೂರಿಸಿ ನೋಡುವುದು; ಮತ್ತೆ ಅದೇ. ಒಂದೇ ಕಡೆ ಕೆರೆದರೆ ರಂಧ್ರ ಓರೆಯಾಗಿ ಸಿಲಿಂಡರ್ ಕುಣಿಯುತ್ತೆ. ಒತ್ತಿ ತೂರಿಸಿದರಂತೂ ಸೆಲ್ಯುಲಾಯ್ಡ್ ಸೀಳುತ್ತೆ.

ಓಲಾಟಕ್ಕೆ ಕಾರಣ ಗವರ್ನರಿನ (ವೇಗವನ್ನು ಹಿಡಿತದಲ್ಲಿಡುವ ಭಾಗ) ಒಣಗಿದ ಪ್ಯಾಡ್. ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಸಾಕಾಯ್ತು. ವೇಗ ನೋಡಲು ಕಾಗದದ ಚೂರು ಸಿಕ್ಕಿಸಿ 15 ಸೆಕೆಂಡಿಗೆ 40 ಸುತ್ತು ಎಣಿಸಿ, ಅಂದರೆ ನಿಮಿಷಕ್ಕೆ 160 ಸುತ್ತು, 160 ಆರ್‌ಪಿಎಂ. ರಿಪ್ರೊಡ್ಯೂಸರನ್ನು (ಮೊನೆಯಿಂದ ಗೆರೆ ಓದಿ ದನಿ ಹೊರಡಿಸುವ ಭಾಗ) ಸಿಲಿಂಡರ್ ಮೇಲೆ ಇಳಿಸಿಯೇ ಎಣಿಸಬೇಕು. ಭಾರ ಬಿದ್ದಾಗ ವೇಗ ತಗ್ಗುತ್ತೆ.

4 ನಿಮಿಷದ ಸಿಲಿಂಡರಿಗೆಂದು ಇರುವ ಎಚ್ ಮಾದರಿಯ ರಿಪ್ರೊಡ್ಯೂಸರನ್ನು 2 ನಿಮಿಷದ ಮೇಣದ ಸಿಲಿಂಡರಿಗೆ ತಾಗಿಸಲೇಬೇಡಿ. ಇಂಚಿಗೆ 200 ಗೆರೆಗೆಂದು ಮಾಡಿದ ಸಣ್ಣ ಮೊನೆ 100 ಗೆರೆಯ ಮೇಣವನ್ನು ಉತ್ತುಬಿಡುತ್ತೆ. ಮೇಣದ 2 ನಿಮಿಷದ ಸಿಲಿಂಡರಿಗೆ ಸಿ ಮಾದರಿಯ ರಿಪ್ರೊಡ್ಯೂಸರ್ ಇದೆ.

ದಾಖಲೆಗೆ ಸಿಲಿಂಡರ್ ಅಂಚಿನ ಅಕ್ಷರಗಳನ್ನು ಅಡ್ಡಬೆಳಕಿನಲ್ಲಿ ಫೋಟೊ ತೆಗೆಯಿರಿ. ಡಬ್ಬಿ ಮುಚ್ಚಳದ ಹೆಸರು ನಂಬಬೇಡಿ, ಮುಚ್ಚಳಗಳು ಎಷ್ಟೋ ಸಲ ಅದಲುಬದಲಾಗಿರುತ್ತವೆ.