ಉಪಗ್ರಹ ಅಳೆದ ಕಾಂತಕ್ಷೇತ್ರದಲ್ಲಿ ಯಾರ ಪಾಲೆಷ್ಟು?

ದಿಕ್ಸೂಚಿ: ಸ್ವಾರ್ಮ್‌ನ ಮೂರು ಉಪಗ್ರಹಗಳು 2013ರಲ್ಲಿ ಮೇಲೇರಿದವು; ಭೂಮಿಯ ಕಾಂತಕ್ಷೇತ್ರ ಅಳೆಯುವ ಯುರೋಪಿನ ಯೋಜನೆ ಅದು. ಅವು ಅಳೆದ ಕಾಂತಕ್ಷೇತ್ರದಲ್ಲಿ ಭೂಮಿಯ ಒಳಗಿನದೆಷ್ಟು, ಹೊರಗಿನದೆಷ್ಟು ಅಂತ ಬಿಡಿಸುವುದು ಹಳೆಯ ಲೆಕ್ಕ. ಕ್ಷೇತ್ರವನ್ನು ದೊಡ್ಡ, ಸಣ್ಣ ಅಲೆಗಳ ಸರಣಿಯಾಗಿ ಬರೆದು ಜರ್ಮನಿಯ ಗಣಿತಜ್ಞ ಗೌಸ್ 1839ರಲ್ಲೇ ದಾರಿ ತೋರಿಸಿದ್ದರು.

ಮೇಲ್ಪದರ: ಗೌಸ್ ಬಳಿ ಇದ್ದದ್ದು ನೆಲದ ಅಳತೆ. ಅಯಾನುಮಂಡಲದಲ್ಲಿ, ಅಂದರೆ ವಾತಾವರಣದ ಮೇಲಿನ ವಿದ್ಯುದಾವೇಶದ ಪದರದಲ್ಲಿ, ಹಗಲು ಹರಿಯುವ ವಿದ್ಯುತ್ ಪ್ರವಾಹ ಸುಮಾರು 110 ಕಿ.ಮೀ. ಎತ್ತರದಲ್ಲಿದೆ. ಉಪಗ್ರಹ ಅದಕ್ಕಿಂತ ಮುನ್ನೂರು ಕಿ.ಮೀ.ಗೂ ಮೇಲೆ. ನೆಲಕ್ಕೆ ಅದು ಹೊರಗೆ, ಉಪಗ್ರಹಕ್ಕೆ ಒಳಗೆ.

ದಿಕ್ಸೂಚಿ: "ಒಳಗೆ"? ಅಯಾನುಮಂಡಲ ಯಾವಾಗ ಭೂಮಿಯ ಒಳಗೆ ಹೋಯಿತು? ಪದ ತಿರುಚಬೇಡಿ.

ಮೇಲ್ಪದರ: ತಿರುಚಿಲ್ಲ ಕಣ್ರೀ. ಗಣಿತಕ್ಕೆ ನೆಲ ಎಲ್ಲಿದೆ ಅಂತ ಗೊತ್ತಿಲ್ಲ. ಅಳತೆ ತೆಗೆದ ಗೋಳದ ಕೆಳಗಿರುವುದೆಲ್ಲ ಅದಕ್ಕೆ ಒಳಗಿನದೇ.

ರಾತ್ರಿಪಾಳಿ: ಸುಮ್ನೆ ಯಾಕೆ ಜಗಳ? ಕಾಂತಕ್ಷೇತ್ರದಲ್ಲಿ ಏರುಪೇರಿಲ್ಲದ ಶಾಂತ ದಿನಗಳ ರಾತ್ರಿಯ ಅಳತೆ ಮಾತ್ರ ತೆಗೆದುಕೊಳ್ಳಿ. ಆಗ ಆ ಪ್ರವಾಹ ತೀರಾ ಕಡಿಮೆ.

ಮೇಲ್ಪದರ: ಕಡಿಮೆ ಅಂದರೆ ಸೊನ್ನೆ ಅಲ್ವಲ್ಲ. ಧ್ರುವದ ಬೇಸಿಗೆಯಲ್ಲಿ ರಾತ್ರಿಯೇ ಆಗುವುದಿಲ್ಲ. ಅಲ್ಲಿ ಕಾಂತರೇಖೆಗಳ ಉದ್ದಕ್ಕೂ ಹರಿಯುವ ಪ್ರವಾಹದ ನಡುವೆಯೇ ಉಪಗ್ರಹ ಹಾದುಹೋಗುತ್ತದೆ. ಅಳೆಯುವ ಜಾಗದಲ್ಲಿ ಪ್ರವಾಹ ಇರಬಾರದು ಎನ್ನುವುದು ಗೌಸ್ ವಿಧಾನದ ಮೊದಲ ಷರತ್ತು.

ಕಪ್ಪುಶಿಲೆ: ಧ್ರುವ ಬಿಡಿ. ನನಗೆ ಬೇಕಿರುವುದು ಭೂಕವಚದ, ಅಂದರೆ ಭೂಮಿಯ ಹೊರಗಿನ ಶಿಲಾಪದರದ, ಪಾಲು. ಗೌಸ್ ಬಳಸಿದ ಗೋಳೀಯ ಹಾರ್ಮೋನಿಕ್ ಸರಣಿಯಲ್ಲಿ (ದರ್ಜೆ ಏರಿದಷ್ಟೂ ಅಲೆ ಸಣ್ಣದು) 13ನೇ ದರ್ಜೆವರೆಗೆ ಭೂಮಿಯ ನಡುವಿನ ಕೇಂದ್ರಗೋಳದ್ದು, 16ರಿಂದಾಚೆ ಕವಚದ್ದು. ಮಧ್ಯ ಆಫ್ರಿಕಾದ ಬಾಂಗಿ ವೈಪರೀತ್ಯ, ಅಂದರೆ ಅಲ್ಲಿನ ಕವಚದ ಕಾಂತಕ್ಷೇತ್ರದ ದೊಡ್ಡ ಏರುಪೇರು, ಉಪಗ್ರಹ ನಕ್ಷೆಯಲ್ಲಿ ಎದ್ದು ಕಾಣುತ್ತದೆ. ಇನ್ನೇನು ಬೇಕು?

ರಾತ್ರಿಪಾಳಿ: ಕವಚದ ಕ್ಷೇತ್ರದಲ್ಲಿ 3,000 ಕಿ.ಮೀ.ಗಿಂತ ದೊಡ್ಡ ಅಲೆಗಳೂ ಇವೆ. ಅವು ಕೇಂದ್ರಗೋಳದ ಕ್ಷೇತ್ರದಡಿ ಮುಚ್ಚಿಹೋಗಿವೆ. ಅದನ್ನು "ಕೇಂದ್ರಗೋಳದ್ದು" ಅಂತ ಬರೆದರೆ ಬೇರ್ಪಡಿಸಿದ ಹಾಗಾಯಿತೇ?

ಕಪ್ಪುಶಿಲೆ: ಬಾಂಗಿ ಬಗ್ಗೆ ಒಂದು ಮಾತೂ ಆಡಲಿಲ್ಲ ನೀವು.

ದಿಕ್ಸೂಚಿ: ಜರ್ಮನಿಯ ಚಾಂಪ್ ಉಪಗ್ರಹದ ಅಳತೆಯಿಂದ 2003ರಲ್ಲಿ ಸಮುದ್ರದ ಉಬ್ಬರವಿಳಿತದಲ್ಲಿ ಉಪ್ಪುನೀರು ಚಲಿಸಿ ಹುಟ್ಟುವ ಕಾಂತಕ್ಷೇತ್ರವನ್ನೇ ಹೆಕ್ಕಿ ತೆಗೆದರು. ಬರೀ ಒಂದೆರಡು ನ್ಯಾನೊಟೆಸ್ಲಾ! ಆಗುವುದಿಲ್ಲ ಅಂತ ಯಾವ ಬಾಯಲ್ಲಿ ಹೇಳುತ್ತೀರಿ?

ಮೇಲ್ಪದರ: ಆಗುವುದಿಲ್ಲ ಅಂತ ನಾನೆಲ್ಲಿ ಹೇಳಿದೆ? ಚಂದ್ರನಿಂದಾಗುವ ಉಬ್ಬರದ ಅವಧಿ 12 ಗಂಟೆ 25 ನಿಮಿಷ ಅಂತ ಮೊದಲೇ ಗೊತ್ತಿತ್ತು. ಅದನ್ನು ಹಿಡಿದು ಹುಡುಕಿದ್ದಕ್ಕೆ ಸಿಕ್ಕಿತು. ಒಳಗೆ, ಹೊರಗೆ ಅಂತ ಭಾಗ ಮಾಡಿದ್ದರಿಂದಲ್ಲ.

ರಾತ್ರಿಪಾಳಿ: ಭೂಕಾಂತ ವಿಜ್ಞಾನಿಗಳಾದ ಸಬಾಕಾ ಮತ್ತು ಓಲ್ಸನ್ ತಂಡದ ಸಮಗ್ರ ಮಾದರಿ ನೋಡಿ. ನೆಲದ ವೀಕ್ಷಣಾಲಯಗಳ ಅಳತೆಯನ್ನೂ ಉಪಗ್ರಹದ ಅಳತೆಯನ್ನೂ ಒಟ್ಟಿಗೆ ಸೇರಿಸಿ, ಎಲ್ಲ ಮೂಲಗಳನ್ನು ಒಂದೇ ಸಲ ಲೆಕ್ಕ ಹಾಕುತ್ತಾರೆ. ಅಯಾನುಮಂಡಲ ಎರಡರ ನಡುವೆ ಸಿಕ್ಕಿಬೀಳುತ್ತದೆ.

ದಿಕ್ಸೂಚಿ: ನೋಡಿ, ಅಲ್ಲೂ ಬಳಸಿದ್ದು ಗೌಸ್ ಸರಣಿಯನ್ನೇ! ನಾನು ಮೊದಲಿನಿಂದ ಹೇಳಿದ್ದು ಅದೇ.

ಮೇಲ್ಪದರ: ನೆಲದ ಅಳತೆ ಜೊತೆಗೆ ಬೇಕು ಅಂತ ನಿಮ್ಮ ಮೊದಲ ಮಾತಿನಲ್ಲಿ ಎಲ್ಲಿತ್ತು? ಅದೊಂದು ಸಾಲು ತೋರಿಸಿ.