ದೊಡ್ಡ ಕಾಲುವೆಯಲ್ಲಿ ನೀರು ಸರಿಯಾಗಿ ಹಂಚಿಕೆ ಆಗ್ತಿದೆಯಾ ಅಂತ ಅಳೆಯೋದು ಹೇಗೆ?

ಶಿರಸಿ_ಹುಡುಗ
ಎಂ.ಟೆಕ್ ಪ್ರಾಜೆಕ್ಟಿಗೆ ತುಂಗಭದ್ರಾ ಎಡದಂಡೆಯ ಒಂದು ವಿತರಣಾ ಕಾಲುವೆ ತಗೊಂಡಿದ್ದೇನೆ. ನಮ್ಮ ಮನೇಲಿ ನೀರಾವರಿ ಅಂದ್ರೆ ಹಳ್ಳಕ್ಕೆ ಒಡ್ಡು ಹಾಕಿ ತೋಟಕ್ಕೆ ತಿರುಗಿಸೋದು, ಅಷ್ಟೇ ಗೊತ್ತು. ಅಲ್ಲಿ ಮುಖ್ಯ ಕಾಲುವೆಯೇ ಸುಮಾರು 227 ಕಿಲೋಮೀಟರ್! ಕಾಲುವೆಯಲ್ಲಿ ಎಷ್ಟು ನೀರು ಹರೀತು ಅಂತ ಬರೆದಿಡೋ ಗೇಜ್ ಪುಸ್ತಕ ಸಿಕ್ಕಿತು, ಬೆಳೆಗೆ ಬೇಕಾದ ನೀರಿನ ಜೊತೆ ತಾಳೆ ಹಾಕಿದೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಬಿಟ್ಟಿದ್ದಾರೆ. ಆದ್ರೆ ಕೊನೆ ತೂಬಿನ ಹತ್ರ ಹೋದ್ರೆ ಕಾಲುವೆಯೊಳಗೆ ಹುಲ್ಲು, ಅದರಲ್ಲಿ ದನ ಮೇಯ್ತಾ ಇತ್ತು. ನಾನೆಲ್ಲಿ ಎಡವಿದೆ?

ಕಾರವಾರ_ನಿವೃತ್ತ
ತಮ್ಮಾ, ಎಡವಿದ್ದು ಸರಾಸರಿಯಲ್ಲಿ. ಮೂರು ತೂಬು ಅಂತ ಇಟ್ಕೋ. ಬೇಕಾದ್ದಕ್ಕೆ ಹೋಲಿಸಿದ್ರೆ ಮೊದಲನೆಯದಕ್ಕೆ 1.6 ಪಟ್ಟು, ನಡುವಿನದಕ್ಕೆ 1.1, ಕೊನೆಯದಕ್ಕೆ 0.3. ಸರಾಸರಿ ಸರಿಯಾಗಿ 1 ಬರುತ್ತದೆ, ವರದಿ ಚೆಂದ ಕಾಣ್ತದೆ, ಕೊನೆಯವನ ಭತ್ತ ಒಣಗಿರ್ತದೆ. ಮೋಲ್ಡನ್ ಮತ್ತು ಗೇಟ್ಸ್ ಅನ್ನೋ ನೀರಾವರಿ ಸಂಶೋಧಕರು 1990ರಲ್ಲಿ ನಾಲ್ಕು ಅಳತೆ ಹೇಳಿದ್ದಾರೆ: ಸಾಕಾಯ್ತಾ, ಪೋಲಾಯ್ತಾ, ನಂಬೋ ಹಾಗೆ ಬಂತಾ, ಎಲ್ಲರಿಗೂ ಸಮನಾಗಿ ಬಂತಾ. ನೀನು ಮೊದಲನೆಯದೊಂದನ್ನೇ ನೋಡಿದ್ದೀಯ. ಸಮಾನತೆಗೆ ತೂಬಿನಿಂದ ತೂಬಿಗೆ ಇರೋ ಏರುಪೇರು ತೆಗಿ, ಅಂದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನು ಸರಾಸರಿಯಿಂದ ಭಾಗಿಸು. 0.25 ದಾಟಿದ್ರೆ ಹಂಚಿಕೆ ಕೆಟ್ಟದ್ದು ಅಂತ ಅವರ ಲೆಕ್ಕ. ಮೇಲಿನ ಮೂರು ತೂಬಿಗೆ ಅದು 0.5 ದಾಟ್ತದೆ.

ಇನ್ನೊಂದು, ಬೇಕಾದ ನೀರು ಅಂತ ಯಾವ ಬೆಳೆ ಹಿಡಿದೆ? ಆ ಕಾಲುವೆ ಹಾಕಿದ್ದು ಹೆಚ್ಚಾಗಿ ಜೋಳ, ಹತ್ತಿ ತರದ ಅರೆ ನೀರಾವರಿ ಬೆಳೆಗೆ, ಅಂದ್ರೆ ಭತ್ತಕ್ಕಿಂತ ಕಡಿಮೆ ನೀರು ಸಾಕಾಗೋ ಬೆಳೆಗೆ. ಮೇಲ್ಭಾಗದಲ್ಲಿ ಈಗ ಕಣ್ಣು ಹಾಯಿಸಿದಷ್ಟೂ ಭತ್ತ. ಕಾಗದದ ಬೆಳೆ ಹಿಡಿದು ಲೆಕ್ಕ ಮಾಡಿದ್ರೆ ಹೀಗೇ ಆಗೋದು. ಜಲಾಶಯವೂ ಹೂಳು ತುಂಬಿ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ, ಅದನ್ನೂ ಮರೀಬೇಡ.

ಮಳಗಿ_ಗದ್ದೆ
ನಮ್ಮ ಮುಂಡಗೋಡ ತಾಲೂಕಿನ ಧರ್ಮಾ ಜಲಾಶಯದ ನೀರು ಹೆಚ್ಚಾಗಿ ಹೋಗೋದು ಹಾನಗಲ್ ಕಡೆಗೆ. ಸಣ್ಣ ಯೋಜನೆ, ಆದ್ರೂ ಜಗಳ ಅದೇ. ಅಲ್ಲಿ ನನ್ನ ಭಾವನ ಗದ್ದೆ ಇದೆ. ಎಷ್ಟು ಬಂತು ಅನ್ನೋದಕ್ಕಿಂತ ಯಾವತ್ತು ಬಂತು ಅನ್ನೋದೇ ಅವನಿಗೆ ಮುಖ್ಯ. ಭತ್ತ ಹೊಡೆ ಬಿಚ್ಚೋ ಹೊತ್ತಿಗೆ ಹತ್ತು ದಿನ ತಪ್ಪಿ, ಆಮೇಲೆ ಗದ್ದೆ ತುಂಬ ಬಿಟ್ರೆ ಪುಸ್ತಕದಲ್ಲಿ ಪೂರ್ತಿ ನೀರು, ತೆನೆಯಲ್ಲಿ ಜೊಳ್ಳು. ಒಂದು ವರ್ಷ ಅವನಿಗೆ ಹಾಗೇ ಆಗಿದೆ. ತಿಂಗಳ ಲೆಕ್ಕ ಬಿಡಿ, ವಾರವಾರ ನೋಡಿ. ನೀರುಗಂಟಿ ಹತ್ರ ಕೂತು ಚಾ ಕುಡೀರಿ, ಅವನ ಬಾಯಲ್ಲಿ ಇರೋದು ಗೇಜ್ ಪುಸ್ತಕದಲ್ಲಿ ಇಲ್ಲ.

ಶಿರಸಿ_ಹುಡುಗ
ಬೆಳೆ ನಕ್ಷೆಯಲ್ಲಿ ಇದ್ದದ್ದನ್ನೇ ಹಿಡಿದಿದ್ದೆ 😅 ಮತ್ತೆ ಹೋಗಬೇಕು. ಆದ್ರೆ ಕೆಳಗಿನ ತೂಬುಗಳಲ್ಲಿ ಗೇಜ್ ಪಟ್ಟಿಯ ಅಂಕಿಯೇ ಅಳಿಸಿ ಹೋಗಿದೆ, ಪಾಚಿ ಬೇರೆ. ನೀರಿನ ವೇಗ ಅಳೆಯೋ ಮೀಟರ್ ಕೇಳಿದ್ರೆ ಕಾಲೇಜಲ್ಲಿ ಕೆಟ್ಟಿದೆ ಅಂತಾರೆ.

ಕಾರವಾರ_ನಿವೃತ್ತ
ತೆಂಗಿನಕಾಯಿ ಒಯ್ಯಿ. ತಮಾಷೆ ಅಲ್ಲ. ಕಾಲುವೆ ನೇರ ಇರೋ ಕಡೆ 20 ಮೀಟರ್ ಗುರುತು ಹಾಕಿ ನಡುವೆ ಬಿಡು, ಸಮಯ ಹಿಡಿ, ಮೂರು ಸಲ. 40 ಸೆಕೆಂಡ್ ಆದ್ರೆ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳದಲ್ಲಿ ನೀರು ನಿಧಾನ, ಅದಕ್ಕೆ 0.85ರಿಂದ ಗುಣಿಸು. ಅಗಲ ಒಂದೂವರೆ ಮೀಟರ್, ಆಳ 60 ಸೆಂಟಿಮೀಟರ್ ಇದ್ರೆ ಹೆಚ್ಚುಕಮ್ಮಿ 13.5 ಕ್ಯೂಸೆಕ್ಸ್, ಅಂದ್ರೆ ಸೆಕೆಂಡಿಗೆ ಅಷ್ಟು ಘನ ಅಡಿ. ಮೀಟರಿನಷ್ಟು ಕರಾರುವಾಕ್ಕಲ್ಲ, ಆದ್ರೆ 1.6 ಯಾವುದು, 0.3 ಯಾವುದು ಅಂತ ಹೇಳೋಕೆ ಧಾರಾಳ ಸಾಕು.

ಶಿರಸಿ_ಹುಡುಗ
ಸುಲಿದ ಕಾಯಿ ಆಗ್ತದಾ?

ಕಾರವಾರ_ನಿವೃತ್ತ
ಬೇಡ, ಸಿಪ್ಪೆ ಸಮೇತ ಇರಲಿ, ಹಸಿದು. ಅರ್ಧಕ್ಕಿಂತ ಜಾಸ್ತಿ ಮುಳುಗಿರ್ತದೆ, ಗಾಳಿಗೆ ಸರಿಯೋದಿಲ್ಲ. ಎರಡು ಮೂರು ಒಯ್ಯಿ, ಒಂದಾದ್ರೂ ಕೈ ತಪ್ಪಿ ಹೋಗೇ ಹೋಗ್ತದೆ.