ಪಕ್ಕದ ಮೋಟರ್ ಓಡುವಾಗ ಮಗಳ ಕೊಳಲು ಶ್ರುತಿ ಏರಿದಂತೆ ಕೇಳುತ್ತೆ, ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಶಿಡ್ಲಘಟ್ಟ. ಅಡುಗೆಮನೆ ಗೋಡೆಯಾಚೆ ರೇಷ್ಮೆ ನೂಲು ಬಿಚ್ಚುವ ಘಟಕ, ದಿನವಿಡೀ ಮೋಟರ್ ಗುಂಯ್ ಅನ್ನುತ್ತೆ. ಮೊನ್ನೆ ಮಗಳು ನಡುಮನೆಯಲ್ಲಿ ಕೊಳಲಲ್ಲಿ ಮೇಲಿನ ಷಡ್ಜ ಹಿಡಿದಿದ್ದಳು. "ಶ್ರುತಿ ಏರ್ತಿದೆ ನೋಡು" ಅಂತ ಒಲೆ ಮುಂದಿನಿಂದಲೇ ಗದರಿದೆ. ಅವಳು ಶ್ರುತಿ ಅಳೆಯುವ ಫೋನಿನ ಟ್ಯೂನರ್ ತಂದು ತೋರಿಸಿದಳು. ಮುಳ್ಳು ನಟ್ಟನಡುವೆ ಇತ್ತು, ಅವಳ ಕಣ್ಣಲ್ಲಿ ನೀರು. ಅಷ್ಟರಲ್ಲಿ ಕರೆಂಟ್ ಹೋಗಿ ಮೋಟರ್ ನಿಂತಿತು. ಮತ್ತೆ ಊದಿದಾಗ ಅದೇ ಸ್ವರ ಸರಿಯಾಗಿ ಕೇಳಿಸಿತು! ನನ್ನ ಕಿವಿ ಕೆಟ್ಟಿದೆಯಾ?

ಉತ್ತರ (ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞೆ): ಇಷ್ಟರಿಂದ ಕಿವಿ ಕೆಟ್ಟಿದೆ ಅನ್ನಲಾಗದು ಅಕ್ಕ. ಸದ್ದಿನ ನಡುವೆ ಎಲ್ಲರ ಕಿವಿಯೂ ಹೀಗೆ ಮಾಡುತ್ತೆ. ಮಗಳು ಸರಿಯಾಗೇ ಊದಿದ್ದಾಳೆ, ದಯವಿಟ್ಟು ಅವಳಿಗೆ ಹೇಳಿ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿ ಇದೆ. ಅದರೊಳಗಿನ ಪೊರೆಯಲ್ಲಿ ತಗ್ಗಿನ ಸ್ವರಕ್ಕೆ ಒಂದು ತುದಿ, ಎತ್ತರದ ಸ್ವರಕ್ಕೆ ಇನ್ನೊಂದು ತುದಿ ಜಾಸ್ತಿ ಅದುರುತ್ತೆ. ಸ್ವರ ಒಂದೇ ಆದರೂ ಅಕ್ಕಪಕ್ಕದ ಜಾಗವೂ ಅದುರುತ್ತೆ. ಮೋಟರಿನ ಗುಂಯ್ ಕೊಳಲಿಗಿಂತ ತಗ್ಗಿನದು, ಅಲ್ವಾ? ಅದು ತಗ್ಗಿನ ಪಕ್ಕವನ್ನು ಮುಚ್ಚಿಬಿಡುತ್ತೆ. ಮಿದುಳಿಗೆ ಚೆನ್ನಾಗಿ ಸಿಗುವುದು ಮೇಲಿನ ಪಕ್ಕ ಮಾತ್ರ. ಅದಕ್ಕೇ ಸ್ವರ ಮೇಲೆ ಸರಿದಂತೆ ಕೇಳುತ್ತೆ. ಸದ್ದಿನಲ್ಲಿ ಸ್ವರ ಅರ್ಧಂಬರ್ಧ ಮುಳುಗಿದಾಗ ಇದು ಜಾಸ್ತಿ. ನಿಮಗೆ ಮೋಟರ್ ಹತ್ತಿರ, ಕೊಳಲು ದೂರ.

ಸರಿಯುವುದು ಸ್ವಲ್ಪವೇ, ನೂರಕ್ಕೆ ಒಂದೆರಡು ಪಾಲು. ಷಡ್ಜದಿಂದ ಶುದ್ಧ ರಿಷಭಕ್ಕೆ ನೂರಕ್ಕೆ ಸುಮಾರು 6 ಪಾಲು ಏರಬೇಕು. ಆದರೂ ಪಳಗಿದ ಕಿವಿ ಆ ಒಂದೆರಡನ್ನೂ ಹಿಡಿಯುತ್ತೆ. ವೀಣೆಯ ನಾದದಲ್ಲಿ ಮೇಲಿನ ಸ್ವರಗಳು ಹಲವು ಬೆರೆತಿರುತ್ತವೆ, ಅವು ಶ್ರುತಿಯನ್ನು ಹಿಡಿದು ನಿಲ್ಲಿಸುತ್ತವೆ. ಕೊಳಲಿನ ಮೇಲಿನ ಸ್ಥಾಯಿಯಲ್ಲಿ ಅವು ಕಡಿಮೆ.

ಪ್ರಶ್ನೆ: ಹಾಗಾದರೆ ತಂಬೂರಿ ಆ್ಯಪ್ ಜೋರಾಗಿ ಇಡಲಾ ಮೇಡಂ?

ಉತ್ತರ: ಇಡಿ, ಆದರೆ ಅವಳ ಹತ್ತಿರ ಇಡಿ, ಹದವಾಗಿರಲಿ. ಜೋರಾದರೂ ಸ್ವರ ಸರಿದಂತೆ ಕೇಳಬಹುದು. ಟ್ಯೂನಿಂಗ್ ಫೋರ್ಕ್ (ಬಡಿದರೆ ಒಂದೇ ಸ್ವರ ಕೊಡುವ ಲೋಹದ ಕವೆ) ಬಡಿದು ಕಿವಿಗೆ ಹತ್ತಿರ ತನ್ನಿ, ಸ್ವರ ತುಸು ಇಳಿದಂತೆ ಅನಿಸುತ್ತೆ. ಫೋರ್ಕ್ ಬದಲಾಗಿರುವುದಿಲ್ಲ. ಮೋಟರ್ ಶುರುವಾಗುವ ಮೊದಲೇ ಅಭ್ಯಾಸ ಮುಗಿಸಿದರೆ ಇನ್ನೂ ಒಳ್ಳೆಯದು. ಬೆಳಗಿನ ಚಳಿಯಲ್ಲಿ ಮಾತ್ರ ಕೊಳಲನ್ನು ಸ್ವಲ್ಪ ಊದಿ ಬೆಚ್ಚಗೆ ಮಾಡಿಕೊಳ್ಳಲಿ. ಒಳಗಿನ ಗಾಳಿ ತಣ್ಣಗಿದ್ದರೆ ಶ್ರುತಿ ನಿಜವಾಗಿಯೂ ಇಳಿಯುತ್ತೆ, ಟ್ಯೂನರಿನ ಮುಳ್ಳೂ ತೋರಿಸುತ್ತೆ.

ಇನ್ನೊಂದು. ಮನೆ ನಿಶ್ಶಬ್ದವಾಗಿದ್ದಾಗ ಫೋನಿನಲ್ಲಿ ಒಂದೇ ಸ್ವರ ಹಾಕಿ, ಒಂದೊಂದೇ ಕಿವಿಯಲ್ಲಿ ಕೇಳಿ. ಎರಡಕ್ಕೂ ಬೇರೆ ಬೇರೆ ಎತ್ತರ ಎದ್ದು ಕೇಳಿಸಿದರೆ ತಡಮಾಡದೆ ಕಿವಿ ಪರೀಕ್ಷೆ ಮಾಡಿಸಿ.